ತುಮಕೂರೋ, ಕೋಲಾರವೋ, ಚಿಕ್ಕಬಳ್ಳಾಪುರವೋ: ಮನೆ ಮಾಡುವ ಮುಂಚೆ

ಬೆಂಗಳೂರಿನ ಬಾಡಿಗೆ ಸಾಕಾಗಿ, ಇಲ್ಲವೇ ನಿವೃತ್ತಿಯಾದ ಮೇಲೆ ಒಂದಿಷ್ಟು ಗಾಳಿ ಬೆಳಕು ಸಿಗಲಿ ಎಂದು ಈ ಮೂರು ಊರುಗಳ ಕಡೆ ನೋಡುವವರು ಮೊದಲು ಲೆಕ್ಕ ಹಾಕುವುದು ಕಿಲೋಮೀಟರನ್ನು. ಚಿಕ್ಕಬಳ್ಳಾಪುರ ಅರವತ್ತರ ಹತ್ತಿರ, ಕೋಲಾರ ಮತ್ತು ತುಮಕೂರು ಎಪ್ಪತ್ತರ ಆಸುಪಾಸು. ಹತ್ತು ಕಿಲೋಮೀಟರಿನ ವ್ಯತ್ಯಾಸದಿಂದ ಏನೂ ತೀರ್ಮಾನ ಆಗುವುದಿಲ್ಲ. ನಲ್ಲಿಯಲ್ಲಿ ಬರುವುದು ಯಾವ ನೀರು, ನಿಮಗೆ ಬೇಕಿರುವುದು ಬೆಂಗಳೂರಿನ ಯಾವ ಮೂಲೆ, ಬೀದಿಯಲ್ಲಿ ಆಡುವುದು ಯಾವ ಮಾತು: ಈ ಮೂರನ್ನು ಕೇಳಿದರೆ ಊರು ತಾನಾಗಿ ಒಂದೋ ಎರಡೋ ಆಗಿ ಉಳಿಯುತ್ತದೆ. ಇದೇ ಕ್ರಮದಲ್ಲಿ ಕೇಳಿ. ಭಾಷೆ ಕಲಿಯಬಹುದು, ರೈಲು ಹುಡುಕಬಹುದು, ಕೆಟ್ಟ ನೀರಿಗೆ ಮಾತ್ರ ಹೊಂದಿಕೊಳ್ಳುವುದು ಅಂತ ಇಲ್ಲ.

ನೀರು

ಮೂರೂ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನಂದಿಬೆಟ್ಟದ ಸುತ್ತ ಹುಟ್ಟುವ ಪೆನ್ನಾರ್, ಪಾಲಾರ್‌ಗಳು ಇಲ್ಲಿ ಹುಟ್ಟುತ್ತವೆ ಅಷ್ಟೇ, ನೀರು ಕಾಣುವುದು ಮುಂದಿನ ರಾಜ್ಯದಲ್ಲಿ. ಹಾಗಾಗಿ ಒಂದೊಂದು ಊರಿನ ನೀರಿಗೂ ಒಂದೊಂದು ಮೂಲ.

ತುಮಕೂರು ನಗರಕ್ಕೆ ಹೇಮಾವತಿ ಕಾಲುವೆಯ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಶುದ್ಧಿಯಾಗಿ ಮನೆಗಳಿಗೆ ಹೋಗುತ್ತದೆ. ಮೂರರಲ್ಲಿ ಹೆಚ್ಚು ನೆಚ್ಚಬಹುದಾದ ವ್ಯವಸ್ಥೆ ಇದೇ. ಆದರೆ ಕಾಲುವೆಗೆ ನೀರು ಬಿಡುವುದು ಗೊರೂರಿನ ಅಣೆಕಟ್ಟೆಯ ಮಟ್ಟ ನೋಡಿಕೊಂಡು. ಮಳೆ ಕೈಕೊಟ್ಟ ವರ್ಷ ಏಪ್ರಿಲ್ ಹೊತ್ತಿಗೆ ಬುಗುಡನಹಳ್ಳಿಯ ತಳ ಕಾಣುತ್ತದೆ, ನೀರು ಬಿಡುವ ದಿನಗಳ ನಡುವಿನ ಅಂತರ ಹಿಗ್ಗುತ್ತದೆ. ಕೋಲಾರ, ಬಂಗಾರಪೇಟೆ, ಮಾಲೂರಿಗೆ ಯರಗೋಳ್ ಅಣೆಕಟ್ಟೆ ಇದೆ, 2023ರ ನವೆಂಬರಿನಲ್ಲಿ ಉದ್ಘಾಟನೆ ಆಯಿತು. ಅದಕ್ಕೂ ಮುಂಚೆ ಕೋಲಾರ ಎಂದರೆ ಬೋರ್‌ವೆಲ್ ಮತ್ತು ಟ್ಯಾಂಕರ್. ಹೊಸ ಬಡಾವಣೆಗಳಲ್ಲಿ ಇವತ್ತಿಗೂ ಬಹುಪಾಲು ಅದೇ ಕತೆ. ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು ಜಲಾಶಯ. ಊರು ಚಿಕ್ಕದಾದ್ದರಿಂದ ಒಳ್ಳೆಯ ಮಳೆಯ ವರ್ಷ ತೊಂದರೆ ಇಲ್ಲ. ಆದರೆ ಅದೇ ನೀರಿನಲ್ಲಿ ದೊಡ್ಡಬಳ್ಳಾಪುರಕ್ಕೂ ಪಾಲಿದೆ.

ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಮತ್ತು ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಬಗ್ಗೆ ಒಂದು ಮಾತು, ಏಕೆಂದರೆ ಸೈಟು ಮಾರುವವರು ತುಂಬಿದ ಕೆರೆಯನ್ನು ತೋರಿಸಿಯೇ ಮಾರುತ್ತಾರೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಪೈಪಿನಲ್ಲಿ ತಂದು ಕೆರೆಗಳಿಗೆ ಬಿಡುವ ಯೋಜನೆಗಳಿವು. ಕೋಲಾರದ ಕಡೆಗೆ 2018ರಲ್ಲಿ ನೀರು ಬಂತು. ಅಂತರ್ಜಲ ಮೇಲೆ ಬಂದದ್ದು ನಿಜ, ಬತ್ತಿದ ಬೋರುಗಳಿಗೆ ಜೀವ ಬಂದದ್ದೂ ನಿಜ. ಮೂರನೇ ಹಂತದ ಶುದ್ಧೀಕರಣ ಇಲ್ಲ ಎಂಬ ಜಿಲ್ಲೆಯ ಜನರ ತಕರಾರೂ ಅಷ್ಟೇ ನಿಜ. ಅದು ಅಂತರ್ಜಲ ತುಂಬಿಸಲು ಬಿಟ್ಟ ನೀರು, ಕುಡಿಯಲು ಅಲ್ಲ. ಆ ಕೆರೆಯ ಕೆಳಗಿನ ಬೋರ್‌ವೆಲ್ ಇರುವ ಮನೆಯಾದರೆ ಪರೀಕ್ಷೆ ಮಾಡಿಸದೆ ಒಂದು ಲೋಟವೂ ಕುಡಿಯಬೇಡಿ.

ಪರೀಕ್ಷೆ ಎಂದರೆ ಟಿಡಿಎಸ್ ಮೀಟರು ಅದ್ದಿ ನೋಡುವುದಲ್ಲ. ಎಲ್ಲರೂ ಎಡವುವುದು ಇಲ್ಲೇ. ಈ ಸೀಮೆಯ ನಿಜವಾದ ಕಾಟ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡು. ಪಾವಗಡ, ಶಿರಾ, ಮಧುಗಿರಿ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಆಳದ ಬೋರುಗಳಲ್ಲಿ ಇದು ಹಳೆಯ ಸಮಸ್ಯೆ. ಟಿಡಿಎಸ್ ಮೀಟರು ಕರಗಿದ ಲವಣಗಳ ಒಟ್ಟು ಲೆಕ್ಕ ತೋರಿಸುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳುವುದಿಲ್ಲ. 400 ತೋರಿಸುವ ನೀರಿನಲ್ಲೂ ಫ್ಲೋರೈಡು ಮಿತಿ ಮೀರಿರಬಹುದು. ಮಾಡಬೇಕಾದದ್ದು ಇಷ್ಟು: ಬೋರ್ ಐದು ನಿಮಿಷ ಓಡಲಿ, ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ಗಲಬರಿಸಿ ಚೆಲ್ಲಿ, ಮೂರನೇ ಸಲ ತುಂಬಿ, ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ವರದಿಯಲ್ಲಿ ಮೊದಲು ಮೂರು ಸಾಲು ನೋಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ನೈಟ್ರೇಟ್ 45 ದಾಟಬಾರದು. ಗಡಸುತನ 200ರೊಳಗೆ ಇದ್ದರೆ ಒಳ್ಳೆಯದು, 600 ದಾಟಿದ್ದರೆ ಆ ಮನೆ ಬಿಡಿ. ಗಡಸು ನೀರನ್ನು ಗುರುತಿಸಲು ವರದಿಯೂ ಬೇಕಿಲ್ಲ, ಪಕ್ಕದ ಮನೆಯವರನ್ನು ಕೇಳಿ: "ಬೇಳೆ ಬೇಯ್ತದಾ?" ಕುಕ್ಕರಿನಲ್ಲಿ ಆರೇಳು ಸೀಟಿ ಹೊಡೆಸಿದರೂ ತೊಗರಿಬೇಳೆ ಕಾಳುಕಾಳಾಗಿ ಉಳಿಯುತ್ತದೆ ಎಂದರೆ, ಅಡುಗೆಗೂ ಕ್ಯಾನ್ ನೀರೇ ಎಂದು ಖರ್ಚಿನ ಪಟ್ಟಿಗೆ ಬರೆದುಕೊಳ್ಳಿ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಯುವಿ ಫಿಲ್ಟರಿನಿಂದಲೂ ಆಗದು. ಆರ್‌ಒ ಬೇಕು, ಅದು ಒಂದು ಲೀಟರು ಕೊಡಲು ಎರಡು ಮೂರು ಲೀಟರು ಹೊರಗೆ ಬಿಡುತ್ತದೆ. ಟ್ಯಾಂಕರ್ ನೀರಿನ ಮನೆಯಲ್ಲಿ ಇದು ಸಣ್ಣ ಲೆಕ್ಕವಲ್ಲ. ಆರ್‌ಒ ಹೊರಗೆ ಬಿಟ್ಟ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಕಕ್ಕಸಿಗೆ ಬಳಸಿ. ಹಳ್ಳಿಗಳಲ್ಲಿ ಕಾಯಿನ್ ಹಾಕಿ 20 ಲೀಟರ್ ಹಿಡಿಯುವ ಶುದ್ಧ ನೀರಿನ ಘಟಕಗಳಿವೆ. ಮನೆ ನೋಡಲು ಹೋದಾಗ ಘಟಕ ಇದೆಯೇ ಎಂದಲ್ಲ, ಓಡುತ್ತಿದೆಯೇ ಎಂದು ನೋಡಿ. ಮೆಂಬ್ರೇನ್ ಬದಲಿಸದೆ ಬಾಗಿಲು ಹಾಕಿಕೊಂಡಿರುವ ಘಟಕಗಳು ಮೂರೂ ಜಿಲ್ಲೆಯಲ್ಲಿ ಸಿಗುತ್ತವೆ.

ಸಂಪಿನ ಅಳತೆಯನ್ನೂ ಕೇಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕದಲ್ಲಿ ನಾಲ್ಕು ಜನಕ್ಕೆ 540 ಲೀಟರ್. ಐದು ದಿನಕ್ಕೊಮ್ಮೆ ನೀರು ಬಿಡುವ ಕಡೆ ಮೂರು ಸಾವಿರ ಲೀಟರಿನ ಸಂಪು ಸಾಲುತ್ತದೆ ಎನಿಸಬಹುದು. ಆದರೆ ಟ್ಯಾಂಕರ್ ಬರುವುದು ಐದಾರು ಸಾವಿರದ್ದು. ಸಂಪು ತುಂಬಿ ಮಿಕ್ಕಿದ್ದು ಎದುರು ಮನೆಗೆ ಹೋದರೂ ದುಡ್ಡು ಪೂರ್ತಿ ನಿಮ್ಮದೇ.

ಬೆಂಗಳೂರಿನ ಯಾವ ಮೂಲೆ

ಕೆಲಸ ವೈಟ್‌ಫೀಲ್ಡ್, ಕೆ.ಆರ್. ಪುರದ ಕಡೆಯಾದರೆ ಕೋಲಾರ ಜಿಲ್ಲೆ. ಆದರೆ ಕೋಲಾರ ಪಟ್ಟಣವಲ್ಲ, ಬಂಗಾರಪೇಟೆ ಇಲ್ಲವೇ ಮಾಲೂರು. ಮುಖ್ಯ ರೈಲು ಮಾರ್ಗ ಇರುವುದು ಅಲ್ಲಿ. ಕೋಲಾರ ಪಟ್ಟಣದ ನಿಲ್ದಾಣ ಬಂಗಾರಪೇಟೆ–ಚಿಂತಾಮಣಿ–ಚಿಕ್ಕಬಳ್ಳಾಪುರದ ಒಳದಾರಿಯಲ್ಲಿದೆ, ರೈಲುಗಳು ಕಡಿಮೆ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲುಗಳಲ್ಲಿ ಕೆಜಿಎಫ್‌ನವರು ಸೀಟು ಹಿಡಿದು ಬಂಗಾರಪೇಟೆಗೆ ಬರುತ್ತಾರೆ, ಬಂಗಾರಪೇಟೆಯವರು ನಿಂತುಕೊಂಡು ಮಾಲೂರಿಗೆ, ಮಾಲೂರಿನವರು ಬಾಗಿಲಲ್ಲಿ ನೇತಾಡಿಕೊಂಡು. ವೈಟ್‌ಫೀಲ್ಡ್ ನಿಲ್ದಾಣದಲ್ಲಿ ಇಳಿದರೆ ನೇರಳೆ ಮಾರ್ಗದ ಮೆಟ್ರೋ ಕಾಡುಗೋಡಿಯಲ್ಲಿ ಹತ್ತಿರದಲ್ಲೇ ಸಿಗುತ್ತದೆ. ಸೀಸನ್ ಪಾಸು ಮಾಡಿಸಿದರೆ ಮೂರೂ ಜಿಲ್ಲೆಗಳಲ್ಲಿ ಇದಕ್ಕಿಂತ ಅಗ್ಗದ ದಿನದ ಪ್ರಯಾಣ ಇಲ್ಲ.

ಪೀಣ್ಯ, ಯಶವಂತಪುರ, ಮಲ್ಲೇಶ್ವರ ಎಂದರೆ ತುಮಕೂರು. ರೈಲೂ ಇದೆ, ಕೆಎಸ್‌ಆರ್‌ಟಿಸಿ ಬಸ್ಸೂ ಬಿಡುವಿಲ್ಲದೆ ಓಡುತ್ತದೆ. ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದ ಮೇಲೆ ಬಸ್ಸಿನಿಂದ ಅಲ್ಲೇ ಇಳಿದು ಮೆಟ್ರೋ ಹತ್ತಿ ಜಾಲಹಳ್ಳಿ, ಗೊರಗುಂಟೆಪಾಳ್ಯದ ಗೋಳು ತಪ್ಪಿಸಿಕೊಳ್ಳಬಹುದು. ತುಮಕೂರಿಗೇ ಮೆಟ್ರೋ ಬರುತ್ತದೆ ಎಂದು ಹೇಳಿ ಬೆಲೆ ಏರಿಸುವವರಿಗೆ ಮಾತ್ರ ಬಂದ ದಿನ ನೋಡೋಣ ಎನ್ನಿ.

ವಿಮಾನ ನಿಲ್ದಾಣ, ದೇವನಹಳ್ಳಿ, ಯಲಹಂಕದ ಕೆಲಸಕ್ಕೆ ಚಿಕ್ಕಬಳ್ಳಾಪುರ. ರಸ್ತೆ ಚೆನ್ನಾಗಿದೆ. ತೊಂದರೆ ಇರುವುದು ವಾರದ ಕೊನೆಯಲ್ಲಿ. ಶನಿವಾರ, ಭಾನುವಾರ ಬೆಳಗ್ಗೆ ಐದಕ್ಕೇ ನಂದಿಬೆಟ್ಟದ ಕಡೆಗೆ ಬೈಕು ಕಾರುಗಳ ಸಾಲು, ಮಧ್ಯಾಹ್ನದ ಮೇಲೆ ಆವಲಗುರ್ಕಿಯ ಆದಿಯೋಗಿ ನೋಡಿ ಹಿಂತಿರುಗುವವರ ಸಾಲು. ಭಾನುವಾರ ಸಂಜೆ ಹೆಬ್ಬಾಳಕ್ಕೆ ಹೋಗಬೇಕಾದವರು ನಾಲ್ಕರೊಳಗೆ ಹೊರಡಬೇಕು, ಇಲ್ಲ ಒಂಬತ್ತು ದಾಟಲಿ ಎಂದು ಕಾಯಬೇಕು.

ಬೀದಿಯ ಮಾತು

ಮೂರು ಜಿಲ್ಲೆಗಳ ವ್ಯತ್ಯಾಸ ನಿಜವಾಗಿ ಕಿವಿಗೆ ಬೀಳುವುದು ಇಲ್ಲಿ. ತುಮಕೂರು ನಗರ, ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್ ಪೂರ್ತಿ ಕನ್ನಡದ ಸೀಮೆ. ಕನ್ನಡ ಬಿಟ್ಟರೆ ಪೇಟೆಯಲ್ಲಿ ಉರ್ದು. ಉತ್ತರಕ್ಕೆ ಪಾವಗಡ ಮುಟ್ಟಿದರೆ ಸುತ್ತ ಮೂರು ದಿಕ್ಕಿಗೂ ಆಂಧ್ರ, ಮಾತು ತೆಲುಗು. ಹೊರಗಿನಿಂದ ಬಂದ ಕನ್ನಡಿಗರಿಗೆ ತುಮಕೂರು ಮೊದಲ ದಿನದಿಂದಲೇ ಸಲೀಸು. ಗುಬ್ಬಿ ವೀರಣ್ಣನವರ ಜಿಲ್ಲೆಯಾದ್ದರಿಂದ ನಾಟಕದ ಗೀಳು ಹಳ್ಳಿಹಳ್ಳಿಯಲ್ಲಿದೆ. ಮೂಡಲಪಾಯ ಯಕ್ಷಗಾನ, ಜಾತ್ರೆಯಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ, ಹಾರ್ಮೋನಿಯಂ ಮೇಷ್ಟ್ರು ಇನ್ನೂ ಇದ್ದಾರೆ. ಶಿರಾ, ಚಿಕ್ಕನಾಯಕನಹಳ್ಳಿ ಕಡೆ ಕಾಡುಗೊಲ್ಲರ ಹಟ್ಟಿಗಳು, ಅವರ ದೈವ ಜುಂಜಪ್ಪನ ಕಾವ್ಯ. ನಗರದ ನಡುವಿನ ದೊಡ್ಡ ಎಳೆ ಸಿದ್ಧಗಂಗಾ ಮಠ. ಅಲ್ಲಿ ಅನ್ನ, ಅಕ್ಷರ ಪಡೆದವರು ಎಲ್ಲ ಜಾತಿಯಲ್ಲೂ ಸಿಗುತ್ತಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ಊರಿಗೆ ಊರೇ ಅಂಗಡಿ ಮುಚ್ಚಿತ್ತು. ಶಿವರಾತ್ರಿಯ ಹೊತ್ತಿಗೆ ಮಠದ ದನಗಳ ಜಾತ್ರೆ ಸೇರುತ್ತದೆ, ಆಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೂ ಸಾಲು.

ಕೋಲಾರ ಇನ್ನೊಂದು ಬಗೆ. ಒಂದೇ ಸಂತೆಯಲ್ಲಿ ಮೂರ್ನಾಲ್ಕು ಭಾಷೆ. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಮನೆಮಾತು ತೆಲುಗು, ಶಾಲೆ ಕಚೇರಿ ಕನ್ನಡ. ಕೋಲಾರ ಪೇಟೆಯಲ್ಲಿ ಉರ್ದು. ಕೆಜಿಎಫ್‌ನಲ್ಲಿ ತಮಿಳು: ಗಣಿಗೆ ಕೂಲಿಗಾಗಿ ಬಂದು ಲೈನ್ ಮನೆಗಳಲ್ಲಿ ನೆಲೆಸಿದವರ ಮೊಮ್ಮಕ್ಕಳು, ಮರಿಮಕ್ಕಳು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಭಾಷೆ ಉಳಿಯಿತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರಿದು. ಚರ್ಚು, ಕ್ರಿಸ್‌ಮಸ್, ಫುಟ್ಬಾಲು, ತಮಿಳು ಸಿನಿಮಾ ಎಲ್ಲ ಇಲ್ಲಿಯ ದಿನಚರಿ. ಕೆಜಿಎಫ್‌ನಲ್ಲಿ ಮನೆ ಅಗ್ಗ ಎಂದು ಓಡುವವರಿಗೆ ಎರಡು ಎಚ್ಚರಿಕೆ. ಗಣಿ ಕ್ವಾರ್ಟರ್ಸಿನ ಮನೆಗಳ ಹಕ್ಕುಪತ್ರದ ವಿಷಯ ಬಗೆಹರಿದಿದೆಯೇ ಎಂದು ವಕೀಲರಿಂದಲೇ ತಿಳಿಯಿರಿ. ಚಿನ್ನ ತೆಗೆದು ಮಿಕ್ಕ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಗಾಳಿ ಬೀಸುವ ದಿಕ್ಕಿನಲ್ಲಿ ಮನೆ ಮಾಡಬೇಡಿ. ಬೇಸಗೆಯಲ್ಲಿ ಆ ಬೂದುಬಣ್ಣದ ಧೂಳು ಕಿಟಕಿ ಸಂದಿನಲ್ಲಿ ಕೂರುತ್ತದೆ.

ಕೋಲಾರದಲ್ಲಿ ಹಬ್ಬಗಳೂ ಬೆರೆತೇ ಇರುತ್ತವೆ. ಕೋಲಾರಮ್ಮನ ಗುಡಿ, ಬೇಸಗೆಯ ಕರಗ, ಮುಳಬಾಗಿಲಿನ ಹೈದರ್‌ವಲಿ ದರ್ಗಾ, ಅವರೆ ಕಾಲದಲ್ಲಿ ಜಾತಿ ಮತ ಇಲ್ಲದೆ ಎಲ್ಲರ ಮನೆಯಲ್ಲೂ ಹಿದುಕಿದ ಬೇಳೆ ಸಾರು. ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಸಾಂಸ್ಕೃತಿಕ ಕೇಂದ್ರದವರ 'ಹುಣ್ಣಿಮೆ ಹಾಡು' ಕಾರ್ಯಕ್ರಮ ನಾಟಕ, ಹಾಡು, ಚರ್ಚೆ ಇಷ್ಟಪಡುವವರಿಗೆ ಬೆಂಗಳೂರಿನ ರಂಗಮಂದಿರಗಳಿಗಿಂತ ಹತ್ತಿರ ಎನಿಸುತ್ತದೆ. ದಲಿತ ಚಳವಳಿಯ ನೆನಪು ಗಟ್ಟಿಯಾಗಿರುವ ಜಿಲ್ಲೆ, ಮಾತು ನೇರ. ಇದು ಕೆಲವರಿಗೆ ಒರಟು ಎನಿಸೀತು. ನಮ್ಮ ಮಟ್ಟಿಗೆ ಬದುಕಲು ಅದೇ ವಾಸಿ.

ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರದ್ದೇ ಭಾಗ, ಹಾಗಾಗಿ ತೆಲುಗು–ಕನ್ನಡದ ಹದ ಅದೇ. ಬಾಗೇಪಲ್ಲಿಯ ಅಂಗಡಿಯಲ್ಲಿ ಮೊದಲು ಕೇಳುವುದು "ಏಂ ಕಾವಾಲ?" (ಏನು ಬೇಕು?). ನೀವು ಕನ್ನಡದಲ್ಲಿ ಉತ್ತರ ಕೊಟ್ಟರೆ ಮರುಕ್ಷಣ ಅವರೂ ಕನ್ನಡಕ್ಕೆ ಬರುತ್ತಾರೆ, ಮುಖದಲ್ಲಿ ಯಾವ ಬದಲಾವಣೆಯೂ ಇರುವುದಿಲ್ಲ. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ತತ್ವಪದ ಹಾಡಿದ್ದು ಇಲ್ಲಿ ಯಾರಿಗೂ ವಿಶೇಷ ಅನಿಸುವುದಿಲ್ಲ. ಗಡಿ ತಾಲ್ಲೂಕಿನಲ್ಲಿ ಮನೆ ಮಾಡುವವರು ಎಣಿಕೆ, ನಂಟಿನ ಪದ, ಬಸ್ಸಿನ ಮಾತು ಇಷ್ಟು ತೆಲುಗು ಕಲಿತರೆ ಆರು ತಿಂಗಳಲ್ಲಿ ಊರಿನವರೇ.

ಬೆರೆತು ಬಾಳುವುದು ಎಂದರೇನು ಎಂದು ನೋಡಬೇಕಾದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ. ಗೂಡು ತರುವ ರೈತರಲ್ಲಿ ಬಹಳಷ್ಟು ಜನ ಕನ್ನಡ, ತೆಲುಗಿನ ಒಕ್ಕಲು ಮನೆಯವರು, ಅದನ್ನು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಬಹಳಷ್ಟು ಜನ ಉರ್ದು ಮನೆಮಾತಿನ ಮುಸ್ಲಿಮರು. ಜಾಲರಿ ಮೇಲೆ ಸುರಿದ ಲಾಟಿನಿಂದ ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಹುಳು ಬಲಿತಿದೆಯೇ, ಜಾಳು ಎಷ್ಟು ಎಂದು ರೀಲರು ಅಂದಾಜು ಮಾಡುತ್ತಾನೆ. ಹರಾಜು ಈಗ ಮೊಬೈಲಿನಲ್ಲಿ, ಆದರೆ ಕೈಯಾಡಿಸದೆ ಯಾರೂ ಬೆಲೆ ಒತ್ತುವುದಿಲ್ಲ. ಇವರಿಲ್ಲದೆ ಅವರಿಗಿಲ್ಲ. ಅಂದ ಹಾಗೆ ಮನೆ ಮಾಡುವುದಾದರೆ ರೀಲಿಂಗ್ ಘಟಕಗಳ ಸಾಲಿನಿಂದ ದೂರ ಇರಿ. ಬೆಂದ ಹುಳುವಿನ ವಾಸನೆಗೆ ಹೊಸಬರ ಮೂಗು ಒಗ್ಗಲು ವರ್ಷ ಹಿಡಿಯುತ್ತದೆ.

ಬಾಡಿಗೆಗೆ ಹೋದಾಗ ಕೇಳುವ ಪ್ರಶ್ನೆ

ವೈವಿಧ್ಯದ ಮಾತೆಲ್ಲ ಮುಗಿದು ಮನೆ ಬಾಗಿಲಲ್ಲಿ ನಿಂತಾಗ ಬರುವ ಪ್ರಶ್ನೆ ಒಂದೇ: "ನೀವು ಯಾವ ಜನ?" ನೇರ ಕೇಳದಿದ್ದರೆ "ಮನೇಲಿ ಮಾಂಸ ಗೀಂಸ ಮಾಡ್ತೀರಾ?" ಮೂರೂ ಊರಿನಲ್ಲಿ ಇದೆ. ಹಳೆಯ ಬಡಾವಣೆಗಳಲ್ಲಿ ಮನೆ ಮಾಲೀಕರು ಕೆಳಗೇ ಇದ್ದರೆ ಹೆಚ್ಚು, ಬಾಡಿಗೆಗೆಂದೇ ಕಟ್ಟಿಸಿದ ಮನೆಗಳಲ್ಲಿ ಕಡಿಮೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬಂದ ಮೇಲೆ ಕೋಲಾರದ ಸುತ್ತ ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಬಂದ ಹುಡುಗ ಹುಡುಗಿಯರಿಗೆ ಮನೆ ಕೊಟ್ಟು ರೂಢಿಯಾಗಿದೆ, ಅಲ್ಲಿ ಪ್ರಶ್ನೆಗಳು ಕಡಿಮೆ. ತುಮಕೂರಿನಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಆಸುಪಾಸಿನಲ್ಲೂ ಹಾಗೆಯೇ. ಚಿಕ್ಕಬಳ್ಳಾಪುರ ಚಿಕ್ಕ ಊರು, 2011ರ ಜನಗಣತಿಯಲ್ಲಿ ಅರವತ್ತನಾಲ್ಕು ಸಾವಿರ ದಾಟಿರಲಿಲ್ಲ, ತುಮಕೂರು ಆಗಲೇ ಮೂರು ಲಕ್ಷ. ಚಿಕ್ಕ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಪರಿಚಯದವರೊಬ್ಬರು ಜೊತೆಗೆ ಬಂದರೆ ಮನೆ ಸಿಗುತ್ತದೆ, ಬೋರ್ಡು ನೋಡಿ ಫೋನ್ ಮಾಡಿದರೆ ಸಿಗುವುದು ಕಷ್ಟ. ಈ ಮಾತನ್ನು ಅಡ್ವಾನ್ಸ್ ಕೊಡುವ ಮೊದಲೇ ಮುಗಿಸಿ. ಮುಚ್ಚಿಟ್ಟು ಸೇರಿದರೆ ಮೂರನೇ ಭಾನುವಾರ ಒಗ್ಗರಣೆ ವಾಸನೆಗೇ ಜಗಳ.

ಆಸ್ಪತ್ರೆ, ಶಾಲೆಗೆ ತುಮಕೂರು ಮುಂದು. ಆಸ್ಪತ್ರೆ ವಿಷಯದಲ್ಲಿ ಕೋಲಾರವೂ ಹಿಂದಿಲ್ಲ: ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ, ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆ, ಮಿಷನ್ ಕಾಲದ ಇಟಿಸಿಎಂ ಇವೆ. ಚಿಕ್ಕಬಳ್ಳಾಪುರದಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಆದರೆ ಹೃದಯದ ತೊಂದರೆ ಇರುವ ವಯಸ್ಸಾದವರು ಮನೆಯಲ್ಲಿದ್ದರೆ ಬೆಂಗಳೂರಿನ ದಾರಿ ಲೆಕ್ಕದಲ್ಲಿರಲಿ. ಹವೆ ಮಾತ್ರ ಚಿಕ್ಕಬಳ್ಳಾಪುರದ್ದೇ ಚೆನ್ನ. ಸುಮಾರು 900 ಮೀಟರ್ ಎತ್ತರ, ನಂದಿಯ ಗಾಳಿ, ಡಿಸೆಂಬರಿನಲ್ಲಿ ಬೆಳಗ್ಗೆ ಎಂಟಾದರೂ ಮಂಜು. ಆಸ್ತಮಾ ಇರುವವರಿಗೆ ಅದೇ ಕಾಟವಾಗಬಹುದು.

ಸೈಟು ಕೊಳ್ಳುವುದಾದರೆ

ಮೊದಲ ವರ್ಷ ಕೊಳ್ಳಬೇಡಿ. ಕೊಳ್ಳಲೇಬೇಕು ಎಂದರೆ ಜಮೀನು ಭೂಪರಿವರ್ತನೆ ಆಗಿದೆಯೇ, ಬಡಾವಣೆಯ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ ಇಲ್ಲವೇ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸಿಗುತ್ತದೆಯೇ ಎಂದು ನೋಡಿ. 11ಬಿ ಕೊಟ್ಟು "ಎಲ್ಲಾ ಒಂದೇ ಸಾರ್" ಎಂದರೆ ಎದ್ದು ಬನ್ನಿ, ಬ್ಯಾಂಕ್ ಸಾಲದ ಹೊತ್ತಿಗೆ ಎರಡೂ ಒಂದಲ್ಲ ಎಂದು ತಿಳಿಯುತ್ತದೆ. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ. ಮೂಲ ಮಂಜೂರಾತಿ ಪರಿಶಿಷ್ಟರಿಗೆ ಆದ ಜಮೀನೇ ಎಂದು ಹಳೆಯ ಪಹಣಿಯಲ್ಲಿ ನೋಡಿಸಿ. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ.

ಕಾಗದ ಸರಿ ಇದ್ದರೂ ನೆಲ ಸರಿ ಇರಬೇಕಲ್ಲ. ವರ್ಷಾನುಗಟ್ಟಲೆ ಒಣಗಿದ್ದ ಕೆರೆಗಳ ಕೆಳಗೆ, ಕೋಡಿ ಹಳ್ಳದ ಪಕ್ಕ ಬಡಾವಣೆಗಳೆದ್ದಿವೆ. 2021ರ ನವೆಂಬರ್ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳು ಕೋಡಿ ಬಿದ್ದಾಗ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬಂತು. ಗ್ರಾಮ ನಕ್ಷೆಯಲ್ಲಿ ರಾಜಕಾಲುವೆ ಎಲ್ಲಿದೆ ಎಂದು ನೋಡಿ, ಆಮೇಲೆ ಊರಿನ ಹಿರಿಯರೊಬ್ಬರನ್ನು ಕೇಳಿ: "ಯಜಮಾನ್ರೇ, ಕೆರೆ ಕೋಡಿ ಬಿದ್ರೆ ನೀರು ಯಾವ ಕಡೆ ಹೋಗ್ತದೆ?" ಅವರು ಕೈ ತೋರಿಸಿದ ಕಡೆ ನಿಮ್ಮ ಸೈಟು ಇರಬಾರದು.

ಬಾಡಿಗೆಗೆ ಮೊದಲ ಸಲ ಬರುವುದಾದರೆ ಮಾರ್ಚ್ ಕೊನೆಗೆ ಬನ್ನಿ, ಜೂನ್ ಮಳೆಗೆ ಅಲ್ಲ. ನೀರು, ಧೂಳು, ಕರೆಂಟು ಮೂರರ ನಿಜ ಬಣ್ಣ ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಗೊತ್ತಾಗುತ್ತದೆ. ಕರಾರು ಹನ್ನೊಂದು ತಿಂಗಳದ್ದು ಮಾಡಿಸಿ, ಬಿಡುವುದಾದರೆ ಎರಡು ತಿಂಗಳ ಮುಂಚೆ ಹೇಳಿದರೆ ಅಡ್ವಾನ್ಸ್ ಪೂರ್ತಿ ವಾಪಸ್ ಎಂಬ ಸಾಲು ಅದರಲ್ಲಿ ಇರಲಿ. ಸೇರುವ ದಿನವೇ ಮೀಟರಿನ ಆರ್‌ಆರ್ ಸಂಖ್ಯೆ ಬರೆದುಕೊಂಡು, ಹಿಂದಿನ ಬಾಡಿಗೆದಾರರ ಆಧಾರ್‌ನಿಂದ ಗೃಹಜ್ಯೋತಿ ಬಿಡಿಸಿದ್ದಾರೆಯೇ ಎಂದು ಮಾಲೀಕರನ್ನು ಕೇಳಿ. ಬಿಡಿಸದಿದ್ದರೆ ನಿಮ್ಮ ಹೆಸರು ಅದಕ್ಕೆ ಸೇರುವುದಿಲ್ಲ, ಹಿಂದಿನವರು ಪಾವಗಡಕ್ಕೋ ಮಾಲೂರಿಗೋ ಹೋಗಿ ಕೂತ ಮೇಲೆ ಫೋನು ಎತ್ತುವುದೂ ಇಲ್ಲ.